ಪರಕೀಯರು ಆಡಿದ ಆಟ, ಸ್ಪೇನ್ ಕಲಿತ ಪಾಠ

ಸ್ಪೇನ್ ದೇಶದ ವೆಲೆನ್ಸಿಯಾ ನಗರದ ನ್ಯಾಯಾಲಯವೊಂದು 2024ರ ಜೂನ್ ತಿಂಗಳಲ್ಲಿ ಮೂವರು ಫುಟ್‌ಬಾಲ್ ಪ್ರೇಕ್ಷಕರಿಗೆ ತಲಾ ಎಂಟು ತಿಂಗಳ ಸೆರೆವಾಸ ವಿಧಿಸಿತು. ಅದಕ್ಕೆ ಹಿಂದಿನ ವರ್ಷ ಮೇ 21ರಂದು ಅದೇ ನಗರದ ಮೆಸ್ತಾಯಾ ಕ್ರೀಡಾಂಗಣದಲ್ಲಿ, ಎದುರಾಳಿ ರಿಯಲ್ ಮ್ಯಾಡ್ರಿಡ್ ಪರವಾಗಿ ಆಡುತ್ತಿದ್ದ ಬ್ರೆಜಿಲ್‌ನ ವಿನಿಸಿಯಸ್ ಜೂನಿಯರ್ ಅವರನ್ನು ಮೈಬಣ್ಣ ಹಿಡಿದು ಕೋತಿಯೆಂದು ಹೀಗಳೆದದ್ದು ಅವರ ಅಪರಾಧ. ಅಲ್ಪಾವಧಿಯ ಇಂಥ ಶಿಕ್ಷೆಗಳನ್ನು ಮೊದಲ ಸಲ ತಪ್ಪು ಮಾಡಿದವರ ವಿಷಯದಲ್ಲಿ ಅಮಾನತಿನಲ್ಲಿಡುವುದು ಆ ದೇಶದ ವಾಡಿಕೆ. ಸೆರೆಮನೆಯ ಮೆಟ್ಟಿಲು ಹತ್ತಬೇಕಾಗಿ ಬರುವುದು ವಿರಳ. ಆದರೂ ಆ ತೀರ್ಪು ಜಗತ್ತಿನ ಗಮನ ಸೆಳೆಯಿತು. ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಜನಾಂಗೀಯ ನಿಂದನೆ ಮಾಡಿದ್ದಕ್ಕಾಗಿ ಸ್ಪೇನ್‌ನಲ್ಲಿ ಯಾರಿಗಾದರೂ ಶಿಕ್ಷೆಯಾದದ್ದು ಅದೇ ಮೊದಲು.

ಆ ‘ಮೊದಲು’ ಎಂಬ ಮಾತೇ ನನ್ನನ್ನು ಯೋಚನೆಗೆ ಹಚ್ಚಿತು. ಸ್ಪೇನ್‌ನ ಪ್ರಥಮ ದರ್ಜೆ ಲೀಗ್ ಆರಂಭವಾದದ್ದು 1929ರಲ್ಲಿ. ಇಂದು ನಾವು ‘ಲಾ ಲಿಗಾ’ ಎಂದು ಕರೆಯುವ ಆ ಲೀಗಿನ ಕೀರ್ತಿಯ ಬಹುಭಾಗವನ್ನು ಸಂಪಾದಿಸಿ ಕೊಟ್ಟವರು ಹಂಗೆರಿ, ಅರ್ಜೆಂಟೀನಾ, ಹಾಲೆಂಡ್, ಬ್ರೆಜಿಲ್, ಪೋರ್ಚುಗಲ್, ಕ್ಯಾಮರೂನ್ ಮುಂತಾದ ದೇಶಗಳಿಂದ ಬಂದ ಆಟಗಾರರು. ಹೊರಗಿನವರಿಂದ ಇಷ್ಟೊಂದು ಪಡೆದುಕೊಂಡ ನಾಡಿಗೆ, ಅವರ ಮಾನವನ್ನು ಕಾಯುವುದೂ ಕಾನೂನಿನ ಕರ್ತವ್ಯವೆಂದು ಮನಗಾಣಲು 2024ರವರೆಗೆ ಕಾಯಬೇಕಾಯಿತೆ?

ನಾನು ಫುಟ್‌ಬಾಲ್ ಪಂಡಿತನಲ್ಲ. ಅರ್ಥಶಾಸ್ತ್ರ ಓದಿದವನು; ಆಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದವನು. ‘ಸ್ಥಳೀಯ’ ಯಾರು, ‘ಹೊರಗಿನವ’ ಯಾರು ಎಂಬ ಪ್ರಶ್ನೆ ಇಂದು ಎಲ್ಲ ದೇಶಗಳ ರಾಜಕಾರಣವನ್ನೂ ಕಲಕುತ್ತಿರುವ ಹೊತ್ತಿನಲ್ಲಿ, ಈ ಒಂದು ಲೀಗಿನ ಏಳು ದಶಕಗಳ ಅನುಭವ ನಮಗೆ ಬಹಳಷ್ಟು ಹೇಳಬಲ್ಲದೆಂದು ನನಗೆ ತೋರುತ್ತದೆ. ಬಾಗಿಲನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು, ಇವೆಲ್ಲವೂ ಅಲ್ಲಿ ನಡೆದಿವೆ. ಅವುಗಳ ಫಲವೂ ಅಂಕಿಅಂಶಗಳಲ್ಲಿ ದಾಖಲಾಗಿದೆ.

ಕಥೆ ಆರಂಭವಾಗುವುದು ನಿರಾಶ್ರಿತನೊಬ್ಬನಿಂದ. ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಲಾಸ್ಲೊ ಕುಬಾಲಾ 1949ರಲ್ಲಿ ಕಮ್ಯುನಿಸ್ಟ್ ಆಡಳಿತದಿಂದ ತಪ್ಪಿಸಿಕೊಂಡು, ಲಾರಿಯೊಂದರ ಹಿಂಭಾಗದಲ್ಲಿ ಅಡಗಿ ಗಡಿ ದಾಟಿದರು. ಒಪ್ಪಂದ ಮುರಿದು ಓಡಿಹೋದರೆಂದು ಹಂಗೆರಿಯ ಫುಟ್‌ಬಾಲ್ ಸಂಸ್ಥೆ ದೂರಿತು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಫಾ ಅವರ ಮೇಲೆ ನಿಷೇಧ ಹೇರಿತು. ಊರೂರು ಅಲೆಯುತ್ತಿದ್ದ ನಿರಾಶ್ರಿತರ ತಂಡವೊಂದರೊಂದಿಗೆ ಸ್ಪೇನ್‌ಗೆ ಬಂದ ಅವರನ್ನು ಬಾರ್ಸಿಲೋನಾ ಕ್ಲಬ್ ತನ್ನದಾಗಿಸಿಕೊಂಡಿತು. ಕಮ್ಯುನಿಸಂನಿಂದ ಓಡಿಬಂದ ವೀರನೆಂದು ಫ್ರಾಂಕೊ ಸರ್ಕಾರಕ್ಕೂ ಅವರು ಪ್ರಿಯರಾದರು. ಅವರ ಬದುಕನ್ನು ಕುರಿತು ಚಲನಚಿತ್ರವೂ ಬಂತು. 1952ರಲ್ಲಿ ಒಂದೇ ಲೀಗ್ ಪಂದ್ಯದಲ್ಲಿ ಏಳು ಗೋಲು ಹೊಡೆದ ಕುಬಾಲಾ ಅವರನ್ನು ನೋಡಲು ಬರುವ ಜನರಿಗೆ ಹಳೆಯ ಕ್ರೀಡಾಂಗಣ ಸಾಲದಾಯಿತು. 1957ರಲ್ಲಿ ಉದ್ಘಾಟನೆಯಾದ ‘ಕ್ಯಾಂಪ್ ನೌ’ ಕಟ್ಟಿಸಿದ್ದೇ ಅವರ ಆಟ ಎಂದು ಬಾರ್ಸಿಲೋನಾದ ಜನ ಇಂದಿಗೂ ಹೇಳುತ್ತಾರೆ. ಜೆಕೊಸ್ಲೊವಾಕಿಯಾ, ಹಂಗೆರಿ, ಸ್ಪೇನ್ ಹೀಗೆ ಮೂರು ದೇಶಗಳ ಅಂಗಿ ತೊಟ್ಟು ಆಡಿದ ಈ ಮನುಷ್ಯನನ್ನು ಯಾವ ದೇಶದವನೆಂದು ಕರೆಯೋಣ?

ಅವರ ಹಿಂದೆಯೇ ಬಂದವರು ಅರ್ಜೆಂಟೀನಾದ ಆಲ್ಫ್ರೆಡೊ ಡಿ ಸ್ಟೆಫಾನೊ. 1953ರಲ್ಲಿ ಅವರಿಗಾಗಿ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಕ್ಲಬ್‌ಗಳು ಹಗ್ಗಜಗ್ಗಾಟಕ್ಕೆ ಇಳಿದಾಗ, ಅಧಿಕಾರಸ್ಥರು ಒಂದು ವಿಚಿತ್ರ ತೀರ್ಮಾನ ನೀಡಿದರು: ಅವರು ಒಂದು ಋತುವಿನಲ್ಲಿ ಒಂದು ತಂಡಕ್ಕೂ ಮರು ಋತುವಿನಲ್ಲಿ ಇನ್ನೊಂದು ತಂಡಕ್ಕೂ ಸರದಿಯ ಮೇಲೆ ಆಡತಕ್ಕದ್ದು! ಆಸ್ತಿ ಪಾಲು ಮಾಡುವ ಪಂಚಾಯಿತಿಯಂತಿದ್ದ ಈ ಏರ್ಪಾಡಿನಿಂದ ಬಾರ್ಸಿಲೋನಾ ಬೇಸತ್ತು ಹಿಂದೆ ಸರಿಯಿತು. ಡಿ ಸ್ಟೆಫಾನೊ ಮ್ಯಾಡ್ರಿಡ್‌ನವರೇ ಆಗಿಬಿಟ್ಟರು. 1956ರಿಂದ 1960ರವರೆಗೆ ಸತತ ಐದು ಬಾರಿ ಯುರೋಪಿಯನ್ ಕಪ್ ಆ ಕ್ಲಬ್ಬಿನ ಪಾಲಾಯಿತು.

1956ರಲ್ಲಿ ಹಂಗೆರಿಯ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹತ್ತಿಕ್ಕಿದಾಗ ಫೆರೆನ್ಸ್ ಪುಷ್ಕಾಶ್ ತಮ್ಮ ಹೊನ್ವೆಡ್ ತಂಡದೊಂದಿಗೆ ವಿದೇಶದಲ್ಲಿದ್ದರು, ಅವರು ಹಿಂದಿರುಗಲಿಲ್ಲ. ನಿಷೇಧದ ಅವಧಿ ಮುಗಿಸಿ 1958ರಲ್ಲಿ ಮ್ಯಾಡ್ರಿಡ್ ಸೇರುವಾಗ ಅವರಿಗೆ 31 ವರ್ಷ, ಮೈಯೂ ದಪ್ಪಗಾಗಿತ್ತು. ಮುಗಿದುಹೋದ ಆಟಗಾರನೆಂದು ಹಲವರು ಭಾವಿಸಿದ್ದ ಅವರು ನಾಲ್ಕು ಋತುಗಳಲ್ಲಿ ಲೀಗಿನ ಅತ್ಯಧಿಕ ಗೋಲುಗಳ ಗೌರವ ಪಡೆದರು. 1960ರಲ್ಲಿ ಗ್ಲಾಸ್ಗೊದಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಮ್ಯಾಡ್ರಿಡ್ ಹೊಡೆದ ಏಳು ಗೋಲುಗಳಲ್ಲಿ ಪುಷ್ಕಾಶ್ ಅವರದು ನಾಲ್ಕು, ಡಿ ಸ್ಟೆಫಾನೊ ಅವರದು ಮೂರು. ಸ್ಪೇನ್ ಮೂಲದವನೊಬ್ಬನೂ ಆ ಪಟ್ಟಿಯಲ್ಲಿಲ್ಲ.

ಇಂಥ ಬಾಗಿಲನ್ನು ಸ್ಪೇನ್ 1962ರಲ್ಲಿ ಮುಚ್ಚಿತು. ಆ ವರ್ಷ ಚಿಲಿಯಲ್ಲಿ ನಡೆದ ವಿಶ್ವಕಪ್‌ಗೆ ಸ್ಪೇನ್ ಕಳುಹಿಸಿದ ತಂಡದಲ್ಲಿ ಪೌರತ್ವ ಪಡೆದ ಪುಷ್ಕಾಶ್, ಡಿ ಸ್ಟೆಫಾನೊ ಮೊದಲಾದವರಿದ್ದರು. ಡಿ ಸ್ಟೆಫಾನೊ ಗಾಯದಿಂದ ಅಂಗಳಕ್ಕೇ ಇಳಿಯಲಿಲ್ಲ. ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಸೋಲಿಗೆ ಹೊಣೆಗಾರರು ಬೇಕಿತ್ತು. ಹೊರಗಿನವರು ಬಂದು ನಮ್ಮ ಹುಡುಗರ ಅವಕಾಶ ಕಸಿದುಕೊಂಡರು ಎಂಬ ವಾದ ಎದ್ದಿತು. ವಿದೇಶಿ ಆಟಗಾರರನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನು ನಿಷೇಧಿಸಲಾಯಿತು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಶಿಶು ಉದ್ಯಮದ ಸಂರಕ್ಷಣಾ ನೀತಿ. ನಮ್ಮ ತಲೆಮಾರಿನವರು ತರಗತಿಯಲ್ಲಿ ಕಲಿತು, ಕಚೇರಿಯಲ್ಲಿ ಜಾರಿಗೆ ತಂದ ನೀತಿಯೂ ಇದೇ.

ಫಲವೇನಾಯಿತು? ನ್ಯಾಯಬುದ್ಧಿಯಿಂದ ಹೇಳಬೇಕಾದರೆ, ಆರಂಭದಲ್ಲಿ ನಿಷೇಧದ ಪರ ವಾದಿಸುವವರಿಗೆ ಪುರಾವೆ ಸಿಕ್ಕಿತ್ತು. 1964ರಲ್ಲಿ ಸ್ಪೇನ್ ತನ್ನ ನೆಲದಲ್ಲೇ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಯುರೋಪಿನ ಚಾಂಪಿಯನ್ ಆಯಿತು. 1966ರಲ್ಲಿ ಸ್ಪೇನ್ ಆಟಗಾರರನ್ನಷ್ಟೇ ಕಣಕ್ಕಿಳಿಸಿದ ರಿಯಲ್ ಮ್ಯಾಡ್ರಿಡ್ ಮತ್ತೊಮ್ಮೆ ಯುರೋಪಿಯನ್ ಕಪ್ ಗೆದ್ದಿತು. ಆದರೆ ಅವರು ವಿದೇಶಿ ದಿಗ್ಗಜರ ಜೊತೆಯಲ್ಲೋ ಎದುರಿನಲ್ಲೋ ಆಡಿ ಬೆಳೆದ ಪೀಳಿಗೆ. ಆ ಬಂಡವಾಳ ಕರಗಿದ ಮೇಲೆ ನಿಜಸ್ಥಿತಿ ಬಯಲಾಯಿತು. 1970 ಮತ್ತು 1974ರ ವಿಶ್ವಕಪ್‌ಗಳಿಗೆ ಸ್ಪೇನ್ ಅರ್ಹತೆಯನ್ನೇ ಪಡೆಯಲಿಲ್ಲ. 1966ರ ಬಳಿಕ ಸ್ಪೇನ್‌ನ ಕ್ಲಬ್ಬೊಂದು ಯುರೋಪಿಯನ್ ಕಪ್ ಎತ್ತಲು 26 ವರ್ಷ ಬೇಕಾಯಿತು.

ಆಡಳಿತದ ಅನುಭವವಿದ್ದವರಿಗೆ ಈ ನಿಷೇಧದ ಇನ್ನೊಂದು ಮುಖ ಹೆಚ್ಚು ಪರಿಚಿತವಾಗಿ ಕಂಡೀತು. ನಿಯಮದಲ್ಲಿ ಒಂದು ಕಿಂಡಿ ಇತ್ತು. ಸ್ಪೇನ್‌ನಿಂದ ವಲಸೆ ಹೋದವರ ಮಕ್ಕಳು, ಅಂದರೆ ‘ಒರಿಯುಂಡೊ’ ಎನಿಸಿಕೊಂಡವರು, ಲ್ಯಾಟಿನ್ ಅಮೆರಿಕದಲ್ಲಿ ಹುಟ್ಟಿದ್ದರೂ ಸ್ಪೇನ್‌ನವರೆಂದೇ ಆಡಬಹುದಿತ್ತು. ಕೂಡಲೇ ಪರಾಗ್ವೆ, ಅರ್ಜೆಂಟೀನಾಗಳಲ್ಲಿ ಸ್ಪೇನ್ ಮೂಲದ ತಂದೆತಾತಂದಿರು ಅಣಬೆಗಳಂತೆ ಎದ್ದರು! ಜನನ ಪ್ರಮಾಣಪತ್ರಗಳು ತಯಾರಾದವು. ಅವುಗಳನ್ನು ಒದಗಿಸುವ ದಲ್ಲಾಳಿಗಳೂ ಹುಟ್ಟಿಕೊಂಡರು. ಒಬ್ಬ ಆಟಗಾರ ತನ್ನ ಪೂರ್ವಜರ ಊರು ‘ಸೆಲ್ಟಾ’ ಎಂದು ಹೇಳಿಕೊಂಡನೆಂಬ ಕಥೆ ಸ್ಪೇನ್‌ನಲ್ಲಿ ಇಂದಿಗೂ ನಗೆ ಉಕ್ಕಿಸುತ್ತದೆ. ಸೆಲ್ಟಾ ಎಂಬುದು ಊರಲ್ಲ, ವೀಗೊ ನಗರದ ಫುಟ್‌ಬಾಲ್ ಕ್ಲಬ್ಬಿನ ಹೆಸರು.

ತಾನು ಕರೆತಂದ ಆಟಗಾರರಿಗೆ ಅನುಮತಿ ಸಿಗದೆ ರೋಸಿಹೋದ ಬಾರ್ಸಿಲೋನಾ ಕ್ಲಬ್, ಇತರರ ದಾಖಲೆಗಳನ್ನು ಪರಿಶೀಲಿಸಲು ಮಿಕೆಲ್ ರೋಕಾ ಎಂಬ ತರುಣ ವಕೀಲರನ್ನು ನಿಯೋಜಿಸಿತು. ಅವರು ಹುಡುಕಿದಂತೆಲ್ಲ ಒರಿಯುಂಡೊಗಳ ಬಹುಪಾಲು ಕಾಗದಗಳು ಖೊಟ್ಟಿ ಎಂಬುದು ಹೊರಬಿತ್ತು. ಇದೇ ರೋಕಾ ಮುಂದೆ ಸ್ಪೇನ್‌ನ 1978ರ ಸಂವಿಧಾನದ ಕರಡು ಸಿದ್ಧಪಡಿಸಿದ ಏಳು ಮಂದಿಯಲ್ಲಿ ಒಬ್ಬರಾದರೆಂಬುದು ಅರ್ಥಪೂರ್ಣವಾಗಿದೆ.

ವಾಸಸ್ಥಳ ದೃಢೀಕರಣ, ವಂಶವೃಕ್ಷ, ಜಾತಿ ಪ್ರಮಾಣಪತ್ರಗಳ ಅರ್ಜಿಗಳನ್ನು ರಾಶಿರಾಶಿಯಾಗಿ ಕಂಡಿರುವ ನನಗೆ ಈ ಪ್ರಸಂಗದಲ್ಲಿ ಹೊಸದೇನೂ ಕಾಣಲಿಲ್ಲ. ಬೇಡಿಕೆ ಬಲವಾಗಿದ್ದು ಬಾಗಿಲು ಕಿರಿದಾಗಿದ್ದರೆ, ಪ್ರತಿಭೆಗೆ ಸಲ್ಲಬೇಕಾದ ಬೆಲೆ ಕಾಗದಕ್ಕೆ ಸಲ್ಲುತ್ತದೆ. ಪ್ರಾಮಾಣಿಕನು ಹೊರಗೆ ಉಳಿಯುತ್ತಾನೆ. ದಲ್ಲಾಳಿಯ ವಿಳಾಸ ತಿಳಿದವನು ಒಳಗೆ ಬರುತ್ತಾನೆ. ನಮ್ಮ ಲೈಸೆನ್ಸ್ ರಾಜ್ ಕಲಿಸಿದ ಈ ಪಾಠವನ್ನು ಸ್ಪೇನ್ ಫುಟ್‌ಬಾಲ್ ಅಂಗಳದಲ್ಲಿ ಕಲಿಯಿತು.

1973ರಲ್ಲಿ ನಿಷೇಧ ತೆರವಾಯಿತು. ಪ್ರತಿ ಕ್ಲಬ್ಬಿಗೆ ಇಬ್ಬರು ವಿದೇಶಿಯರೆಂದು ಗೊತ್ತುಪಡಿಸಲಾಯಿತು. ಆ ಬೇಸಿಗೆಯಲ್ಲೇ ಬಾರ್ಸಿಲೋನಾ ಅಂದಿನ ವಿಶ್ವದಾಖಲೆಯ ಮೊತ್ತ ತೆತ್ತು ಹಾಲೆಂಡಿನ ಯೋಹಾನ್ ಕ್ರೈಫ್ ಅವರನ್ನು ಕರೆತಂದಿತು. 1974ರ ಫೆಬ್ರುವರಿಯಲ್ಲಿ ಬಾರ್ಸಿಲೋನಾ ಮ್ಯಾಡ್ರಿಡ್‌ಗೇ ಹೋಗಿ ರಿಯಲ್ ತಂಡವನ್ನು 5–0 ಅಂತರದಿಂದ ಸೋಲಿಸಿ, ಆ ವರ್ಷ ಲೀಗ್ ಗೆದ್ದಿತು. 1960ರ ನಂತರ ಅದು ಅದರ ಮೊದಲ ಲೀಗ್ ಗೆಲುವು. ಅದೇ ತಿಂಗಳು ಹುಟ್ಟಿದ ಮಗನಿಗೆ ಕ್ರೈಫ್ ದಂಪತಿ ‘ಜೋರ್ಡಿ’ ಎಂಬ ಕ್ಯಾಟಲಾನ್ ಹೆಸರಿಟ್ಟರು. ಕ್ಯಾಟಲಾನ್ ಹೆಸರುಗಳಿಗೆ ಫ್ರಾಂಕೊ ಆಡಳಿತದಲ್ಲಿ ಮಾನ್ಯತೆ ಇರಲಿಲ್ಲ. ಹೆಸರನ್ನು ‘ಹೊರ್ಹೆ’ ಎಂದು ಸ್ಪ್ಯಾನಿಷ್ ರೂಪದಲ್ಲಿ ಬರೆಯಬೇಕೆಂದ ನೋಂದಣಿ ಅಧಿಕಾರಿಗೆ, ಮಗುವಿನ ಹೆಸರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಗಲೇ ದಾಖಲಾಗಿದೆಯೆಂದು ಕ್ರೈಫ್ ಪಟ್ಟುಹಿಡಿದು ನಿಂತರು. ಹೆಸರು ಹಾಗೆಯೇ ಉಳಿಯಿತು. ಸ್ವಂತ ನಾಡಿನವರಿಗೆ ಸಾಧ್ಯವಾಗದ್ದನ್ನು ಹೊರಗಿನವರೊಬ್ಬರು ಸಾಧಿಸಿದ್ದರು.

ಕ್ರೈಫ್ ಅವರ ನಿಜವಾದ ಕೊಡುಗೆ ಬಂದದ್ದು ಆಮೇಲೆ. 1988ರಲ್ಲಿ ತರಬೇತುದಾರರಾಗಿ ಮರಳಿದ ಅವರು 1991ರಿಂದ ಸತತ ನಾಲ್ಕು ಲೀಗ್ ಪ್ರಶಸ್ತಿಗಳನ್ನೂ 1992ರಲ್ಲಿ ಕ್ಲಬ್ಬಿನ ಮೊದಲ ಯುರೋಪಿಯನ್ ಕಪ್ಪನ್ನೂ ತಂದುಕೊಟ್ಟರು. ಚೆಂಡನ್ನು ಕಾಲಿನಿಂದ ಕಾಲಿಗೆ ದಾಟಿಸುತ್ತ ಆಟವನ್ನು ಹಿಡಿತದಲ್ಲಿಟ್ಟುಕೊಳ್ಳುವ ಹಾಲೆಂಡಿನ ವಿದ್ಯೆ ಕ್ಲಬ್ಬಿನ ‘ಲಾ ಮಾಸಿಯಾ’ ತರಬೇತಿ ಶಾಲೆಯ ಬಾಲಪಾಠವಾಯಿತು. 2010ರ ಜುಲೈ 11ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಸ್ಪೇನ್ ತನ್ನ ಮೊಟ್ಟಮೊದಲ ವಿಶ್ವಕಪ್ ಗೆದ್ದಾಗ, ಕಣಕ್ಕಿಳಿದ ಹನ್ನೊಂದರಲ್ಲಿ ಆರು ಮಂದಿ ಬಾರ್ಸಿಲೋನಾದ ಯುವ ತಂಡಗಳಲ್ಲಿ ಬೆಳೆದವರು. ಸೋತ ತಂಡ ಹಾಲೆಂಡ್! ಕಲಿಸಿದವರ ನಾಡನ್ನೇ ಕಲಿತವರು ಗೆದ್ದಿದ್ದರು. ವಿದೇಶಿಯರಿಗೆ ಬಾಗಿಲು ಮುಚ್ಚಿದ್ದಾಗ ವಿಶ್ವಕಪ್‌ಗೆ ಅರ್ಹತೆಯನ್ನೂ ಪಡೆಯಲಾಗದ ದೇಶ, ಬಾಗಿಲು ಅಗಲವಾಗಿ ತೆರೆದಿದ್ದ ಕಾಲದಲ್ಲಿ 2008 ಮತ್ತು 2012ರ ಯುರೋ ಪ್ರಶಸ್ತಿಗಳನ್ನೂ ನಡುವೆ ವಿಶ್ವಕಪ್ಪನ್ನೂ ಎತ್ತಿತು. ಕೇವಲ ಬಾಗಿಲು ತೆರೆದದ್ದರಿಂದ ಇದು ಆಯಿತೆನ್ನಲಾಗದು. ಬಂದವರಿಂದ ಕಲಿಯುವ ಶಾಲೆಯೂ ಊರಿನಲ್ಲಿರಬೇಕು. ಆದರೆ ಹೊರಗಿನವನು ಬಂದರೆ ಒಳಗಿನವನು ಕೆಡುತ್ತಾನೆಂಬ ಭಯ ಹುಸಿಯೆಂಬುದು ಇದರಿಂದ ಸಿದ್ಧವಾಗುತ್ತದೆ.

ಬಾಗಿಲು ಅಷ್ಟು ಅಗಲವಾಗಲು ಕಾರಣ ನ್ಯಾಯಾಲಯಗಳು. ಬೆಲ್ಜಿಯಂನ ಅಷ್ಟೇನೂ ಹೆಸರಿಲ್ಲದ ಆಟಗಾರ ಜಾನ್ ಮಾರ್ಕ್ ಬೋಸ್ಮನ್ ಹೂಡಿದ ದಾವೆಯಲ್ಲಿ ಯುರೋಪಿಯನ್ ನ್ಯಾಯಾಲಯ 1995ರ ಡಿಸೆಂಬರ್ 15ರಂದು ತೀರ್ಪು ನೀಡಿ, ಐರೋಪ್ಯ ಒಕ್ಕೂಟದ ಪ್ರಜೆಗಳಾದ ಆಟಗಾರರ ಸಂಖ್ಯೆಗೆ ಮಿತಿ ಹೇರುವಂತಿಲ್ಲವೆಂದು ಸಾರಿತು. ಫುಟ್‌ಬಾಲ್ ಆಟಗಾರನೂ ಕಾರ್ಮಿಕನೇ, ಆತನಿಗೂ ಸಂಚಾರ ಸ್ವಾತಂತ್ರ್ಯವುಂಟು ಎಂಬುದು ಅದರ ಸಾರ. ಸ್ಪೇನ್‌ನ ಟೆನೆರಿಫೆ ಕ್ಲಬ್ಬಿನಲ್ಲಿ ಆಡುತ್ತಿದ್ದ ರಷ್ಯಾದ ಇಗೊರ್ ಸಿಮುಟೆಂಕೊವ್, ಒಕ್ಕೂಟ ಮತ್ತು ರಷ್ಯಾಗಳ ನಡುವಿನ ಒಪ್ಪಂದವನ್ನು ಮುಂದಿಟ್ಟು 2005ರಲ್ಲಿ ತಮಗೂ ಅದೇ ಸಮಾನತೆಯನ್ನು ದೊರಕಿಸಿಕೊಂಡರು. ಹೀಗೆ ‘ವಿದೇಶಿ’ ಎಂಬ ಪದದ ಅರ್ಥ ಒಂದೊಂದು ತೀರ್ಪಿನಲ್ಲೂ ಬದಲಾಗುತ್ತ ಹೋಯಿತು. ಸ್ಪೇನ್‌ನ ಪೌರತ್ವ ಕಾನೂನಿನಲ್ಲಿ ಲ್ಯಾಟಿನ್ ಅಮೆರಿಕದವನು ಎರಡು ವರ್ಷ ನೆಲೆಸಿದರೆ ಅರ್ಜಿ ಹಾಕಬಹುದು. ಮೊರಾಕ್ಕೊದವನಾಗಲಿ ಭಾರತೀಯನಾಗಲಿ ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು. ಹೊರಗಿನವನೆಂಬುದು ಮನುಷ್ಯನ ಗುಣವಲ್ಲ; ಅದು ಗೆಜೆಟ್‌ನಲ್ಲಿ ಪ್ರಕಟವಾಗುವ ಒಂದು ವ್ಯಾಖ್ಯೆ.

ಮುಕ್ತ ಮಾರುಕಟ್ಟೆಯ ಗುಣಗಾನ ಮಾಡಿ ಮುಗಿಸುವುದು ಸುಲಭ. ಆದರೆ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಪುಟವೂ ಇರುತ್ತದೆ. 2005ರಲ್ಲಿ ಸ್ಪೇನ್ ಸರ್ಕಾರ ಹೊರದೇಶಗಳಿಂದ ಕೆಲಸಕ್ಕೆ ಬರುವವರಿಗೆ ಕೆಲವು ವರ್ಷಗಳ ಕಾಲ ಶೇ 24ರ ಸಮಾನ ದರದಲ್ಲಿ ಆದಾಯ ತೆರಿಗೆ ವಿಧಿಸುವ ನಿಯಮ ತಂದಿತು. ಅದೇ ಸಂಬಳ ಪಡೆಯುವ ಸ್ಥಳೀಯನು ಶೇ 40ನ್ನು ಮೀರಿದ ಗರಿಷ್ಠ ದರ ತೆರಬೇಕಿತ್ತು. 2003ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ್ದ ಇಂಗ್ಲೆಂಡಿನ ಡೇವಿಡ್ ಬೆಕಮ್ ಅದರ ಲಾಭ ಪಡೆದ ಮೊದಲಿಗರಲ್ಲಿ ಒಬ್ಬರಾದ್ದರಿಂದ ಜನ ಅದನ್ನು ‘ಬೆಕಮ್ ಕಾನೂನು’ ಎಂದೇ ಕರೆದರು. ಕ್ಲೆವೆನ್, ಲಾಂಡೈಸ್ ಮತ್ತು ಸಾಯೆಝ್ ಎಂಬ ಅರ್ಥಶಾಸ್ತ್ರಜ್ಞರು ಯುರೋಪಿನ 14 ದೇಶಗಳ ಆಟಗಾರರ ಮಾಹಿತಿ ಕಲೆಹಾಕಿ 2013ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ತೆರಿಗೆ ಇಳಿದ ಕಡೆಗೆ ಶ್ರೇಷ್ಠ ಆಟಗಾರರು ಹರಿದುಬರುತ್ತಾರೆಂದು ತೋರಿಸಿತು. ಅವರು ಬಂದಾಗ ಕಡಿಮೆ ಸಾಮರ್ಥ್ಯದ ಸ್ಥಳೀಯರು ಸ್ಥಾನ ಕಳೆದುಕೊಳ್ಳುತ್ತಾರೆಂಬುದನ್ನೂ ಅದು ಮುಚ್ಚಿಡಲಿಲ್ಲ. ಹೊರಗಿನವರ ವಿರುದ್ಧ ಗೊಣಗುವವನ ಮಾತಿನಲ್ಲಿ ಒಂದು ಪಾಲು ಸತ್ಯವಿದೆ. ಅದನ್ನು ಅಲ್ಲಗಳೆಯುವವರು ಆತನನ್ನು ದ್ವೇಷದ ವ್ಯಾಪಾರಿಗಳ ಕೈಗೆ ಒಪ್ಪಿಸುತ್ತಾರೆ.

2010ರಲ್ಲಿ ಹೆಚ್ಚು ಗಳಿಕೆಯವರನ್ನು ಈ ರಿಯಾಯಿತಿಯಿಂದ ಕೈಬಿಡಲಾಯಿತು. 2015ರಿಂದ ವೃತ್ತಿಪರ ಕ್ರೀಡಾಪಟುಗಳನ್ನು ಪೂರ್ಣವಾಗಿ ಹೊರಗಿಡಲಾಯಿತು. ಅಷ್ಟರಲ್ಲಿ ತಾರೆಯರ ಹೆಸರು ಮತ್ತು ಚಿತ್ರ ಬಳಸುವ ಹಕ್ಕಿನ ಹಣ ತೆರಿಗೆಯಿಲ್ಲದ ನಾಡುಗಳಿಗೆ ಹರಿದಿತ್ತು. 41 ಲಕ್ಷ ಯೂರೊ ತೆರಿಗೆ ವಂಚನೆಗಾಗಿ ಅರ್ಜೆಂಟೀನಾದ ಲಯೊನೆಲ್ ಮೆಸ್ಸಿ ಅವರಿಗೆ 2016ರಲ್ಲಿ 21 ತಿಂಗಳ ಶಿಕ್ಷೆಯಾಯಿತು. ಅದು ಆಮೇಲೆ ದಂಡವಾಗಿ ಮಾರ್ಪಟ್ಟಿತು. ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ 2019ರಲ್ಲಿ 1.88 ಕೋಟಿ ಯೂರೊ ಕಟ್ಟಿ, ಅಮಾನತಿನಲ್ಲಿಟ್ಟ ಶಿಕ್ಷೆಯನ್ನು ಒಪ್ಪಿಕೊಂಡು ಪ್ರಕರಣ ಮುಗಿಸಿಕೊಂಡರು. ಹದಿಮೂರರ ಬಾಲಕನಾಗಿ ಬಂದು, ಬೆಳವಣಿಗೆಯ ಚಿಕಿತ್ಸೆಯನ್ನೂ ಕ್ಲಬ್ಬಿನ ಆಸರೆಯಲ್ಲೇ ಪಡೆದು, ಲೀಗಿನಲ್ಲಿ 474 ಗೋಲು ಹೊಡೆದ ಮೆಸ್ಸಿಯನ್ನು 2021ರಲ್ಲಿ ಬಾರ್ಸಿಲೋನಾ ಉಳಿಸಿಕೊಳ್ಳಲಾಗಲಿಲ್ಲ. ಕ್ಲಬ್ಬಿನ ಸಾಲ ನೂರು ಕೋಟಿ ಯೂರೊಗಳನ್ನು ಮೀರಿತ್ತು. ಇದಕ್ಕೆ ಹೊಣೆ ಕಳುಹಿಸಿದ ದೇಶವೂ ಅಲ್ಲ, ಬಂದ ಆಟಗಾರನೂ ಅಲ್ಲ. ವರಮಾನ ಮೀರಿ ಖರ್ಚು ಮಾಡಿದ ಆಡಳಿತ ಮಂಡಳಿ.

ಹಣದ ಮಾತು ಇಷ್ಟು. ಇನ್ನು ಮಾನದ ಮಾತು.

1990ರಿಂದ 1996ರವರೆಗೆ ಮ್ಯಾಡ್ರಿಡ್‌ನ ಕಾರ್ಮಿಕರ ಬಡಾವಣೆಯಾದ ವಯೆಕಾಸ್‌ನ ‘ರಾಯೊ ವಯೆಕಾನೊ’ ಕ್ಲಬ್ಬಿಗೆ ನೈಜೀರಿಯಾದ ವಿಲ್‌ಫ್ರೆಡ್ ಅಗ್ಬೊನಾವ್‌ಬಾರೆ ಗೋಲ್‌ಕೀಪರ್ ಆಗಿದ್ದರು. ಎದುರಾಳಿ ಪ್ರೇಕ್ಷಕರ ಜನಾಂಗೀಯ ಕೂಗು ಅವರಿಗೆ ದಿನನಿತ್ಯದ ಮಾತಾಗಿತ್ತು. ಅದನ್ನು ಸಹಿಸುವುದೂ ತಮ್ಮ ಕೆಲಸದ ಭಾಗವೆಂಬಂತೆ ಅವರು ಶಾಂತವಾಗಿ ನುಡಿಯುತ್ತಿದ್ದರು. ಆಟ ಮುಗಿದ ಮೇಲೆ ಅವರ ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಮ್ಯಾಡ್ರಿಡ್‌ನ ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಕೆಲಸ ಮಾಡಿದರು. 2015ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 48 ವರ್ಷ. ಲಾ ಲಿಗಾಗೆ ಬಂದ ವಿದೇಶಿಯರೆಂದರೆ ಕೋಟಿಗಳ ಒಡೆಯರೆಂದೇ ನಾವು ತಿಳಿಯುತ್ತೇವೆ. ಅಗ್ಬೊನಾವ್‌ಬಾರೆ ಅಂಥವರ ಬದುಕು ಆ ತಿಳಿವಳಿಕೆಯನ್ನು ತಿದ್ದಬೇಕು.

ಸಹಿಸುವುದಿಲ್ಲವೆಂದು ನಿಂತವರೂ ಉಂಟು. 2006ರ ಫೆಬ್ರುವರಿಯಲ್ಲಿ ಸರಗೋಸಾದಲ್ಲಿ, ಬಾರ್ಸಿಲೋನಾದ ಪರ ಆಡುತ್ತಿದ್ದ ಕ್ಯಾಮರೂನ್‌ನ ಸ್ಯಾಮ್ಯುಯೆಲ್ ಎಟೊ, ಕೋತಿಯ ಕೂಗು ತಾಳಲಾರದೆ ಅಂಗಳದಿಂದ ಹೊರಟೇಬಿಟ್ಟರು. ಸಹ ಆಟಗಾರರೂ ತರಬೇತುದಾರರೂ ಒಲಿಸಿ ನಿಲ್ಲಿಸಿಕೊಂಡರು. ಕೊನೆಗೆ ಆತಿಥೇಯ ಕ್ಲಬ್ಬಿಗೆ ಬಿದ್ದ ದಂಡ 9,000 ಯೂರೊ. ಕೋಟಿಗಟ್ಟಲೆ ವಹಿವಾಟಿನ ಸಂಸ್ಥೆಗೆ ಅದೊಂದು ಚಹಾ ಖರ್ಚು. ತಪ್ಪಿಗೆ ತೆರಬೇಕಾದ ಬೆಲೆ ನಗಣ್ಯವಾದರೆ ತಪ್ಪು ನಿಲ್ಲದೆಂಬುದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. 2007ರಲ್ಲಿ ಕ್ರೀಡೆಯಲ್ಲಿನ ಹಿಂಸೆ ಮತ್ತು ಜನಾಂಗೀಯ ದ್ವೇಷದ ವಿರುದ್ಧ ಪ್ರತ್ಯೇಕ ಕಾನೂನೇ ಬಂತು. ಆದರೂ ವೆಲೆನ್ಸಿಯಾದ ತೀರ್ಪಿಗೆ ಇನ್ನೂ 17 ವರ್ಷ ಬೇಕಾದವು. ಕಾನೂನು ಬರೆಯುವುದಕ್ಕೂ ಜಾರಿಗೆ ತರುವುದಕ್ಕೂ ನಡುವಿನ ಅಂತರ ನಮ್ಮ ದೇಶದ ವೈಶಿಷ್ಟ್ಯವೇನಲ್ಲ.

ಪಂದ್ಯದ ಕಾವಿನಲ್ಲಿ ಆಡಿದ ಮಾತನ್ನು ನ್ಯಾಯಾಲಯಕ್ಕೆ ಎಳೆಯಬೇಕೆ, ವಿನಿಸಿಯಸ್ ಕೂಡ ಪ್ರೇಕ್ಷಕರನ್ನು ಕೆಣಕುವುದಿಲ್ಲವೆ ಎಂದು ಕೇಳುವವರಿದ್ದಾರೆ. ಕೆಣಕಿದವನನ್ನು ಬೈಯುವುದು ಬೇರೆ. ಆತನನ್ನು ಮನುಷ್ಯಕುಲದಿಂದಲೇ ಹೊರಹಾಕುವುದು ಬೇರೆ. ಆಟ ಕೆಟ್ಟರೆ ಆಟವನ್ನು ಹಳಿಯಬಹುದು. ಮೈಬಣ್ಣವನ್ನು ಹಳಿಯುವವನು, ನೀನು ಎಷ್ಟು ಚೆನ್ನಾಗಿ ಆಡಿದರೂ ನಮ್ಮವನಾಗಲಾರೆ ಎಂದು ಹೇಳುತ್ತಿರುತ್ತಾನೆ. ಆಡುವ ಕಾಲಿಗೆ ಕೋಟಿ ಕೊಟ್ಟು, ಕಾಲಿನ ಒಡೆಯನಿಗೆ ಮರ್ಯಾದೆ ನಿರಾಕರಿಸುವ ಈ ವ್ಯಾಪಾರವನ್ನು ಯಾವ ನಾಗರಿಕ ಸಮಾಜವೂ ಒಪ್ಪತಕ್ಕದ್ದಲ್ಲ.

ಹಾಗಾದರೆ ನಮ್ಮವನೆಂದರೆ ಯಾರು? ಇದಕ್ಕೆ ಅನಿರೀಕ್ಷಿತವಾದ ಉತ್ತರ ದೊರೆತದ್ದು ಬಿಲ್ಬಾವೊ ನಗರದಲ್ಲಿ. ಅಲ್ಲಿನ ಅಥ್ಲೆಟಿಕ್ ಕ್ಲಬ್ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಬಾಸ್ಕ್ ಸೀಮೆಯವರನ್ನು ಮಾತ್ರ ಆಡಿಸುತ್ತ ಬಂದಿದೆ. ಆದರೂ ಪ್ರಥಮ ದರ್ಜೆಯಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಘಾನಾ ದೇಶದ ದಂಪತಿಯೊಬ್ಬರು ಸಹಾರಾ ಮರುಭೂಮಿಯನ್ನು ಬಹುಪಾಲು ಕಾಲ್ನಡಿಗೆಯಲ್ಲೇ ದಾಟಿ, ಮೆಲಿಯಾದ ಬೇಲಿ ಹತ್ತಿ ಸ್ಪೇನ್ ಪ್ರವೇಶಿಸಿದರು. ಇದ್ದ ಕಾಗದಗಳನ್ನು ಹರಿದುಹಾಕಿ, ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಲೈಬೀರಿಯಾದವರೆಂದು ಹೇಳಿಕೊಂಡರೆ ಆಶ್ರಯ ಸಿಕ್ಕೀತೆಂದು ವಕೀಲರೊಬ್ಬರು ಸಲಹೆ ಕೊಟ್ಟರು. 1994ರಲ್ಲಿ ಬಿಲ್ಬಾವೊದಲ್ಲಿ ಹುಟ್ಟಿದ ಮಗನಿಗೆ, ಕೈಹಿಡಿದ ಪಾದ್ರಿಯ ಹೆಸರನ್ನೇ ಇಟ್ಟರು: ಇನ್ಯಾಕಿ. 2002ರಲ್ಲಿ ಪ್ಯಾಂಪ್ಲೋನಾದಲ್ಲಿ ಹುಟ್ಟಿದ ಕಿರಿಯವನು ನಿಕೊ. ಹುಟ್ಟಿ ಬೆಳೆದದ್ದು ಬಾಸ್ಕ್ ಸೀಮೆಯಲ್ಲಾದ್ದರಿಂದ ಈ ವಿಲಿಯಮ್ಸ್ ಸೋದರರಿಬ್ಬರೂ ಅಥ್ಲೆಟಿಕ್ ತಂಡಕ್ಕೆ ಅರ್ಹರಾದರು. 2024ರಲ್ಲಿ ಕ್ಲಬ್ಬು 40 ವರ್ಷಗಳ ನಂತರ ಸ್ಪೇನ್‌ನ ‘ಕೋಪಾ ಡೆಲ್ ರೇ’ ಗೆದ್ದಾಗ ಇಬ್ಬರೂ ಅಂಗಳದಲ್ಲಿದ್ದರು. ಅಣ್ಣ ಹೆತ್ತವರ ನಾಡಾದ ಘಾನಾ ಪರ ಆಡಲು ಮನಸ್ಸು ಮಾಡಿದರು. ತಮ್ಮ ಸ್ಪೇನ್ ಪರ ಆಡಿ, ಅದೇ ವರ್ಷದ ಯುರೋ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಗೋಲು ಹೊಡೆದರು. ಆ ಗೋಲಿಗೆ ಚೆಂಡು ಒದಗಿಸಿದ ಲಮೀನ್ ಯಮಾಲ್ ಅವರ ತಂದೆ ಮೊರಾಕ್ಕೊದವರು, ತಾಯಿ ಈಕ್ವಟೋರಿಯಲ್ ಗಿನಿಯವರು. ಒಂದು ಕಾಲದಲ್ಲಿ ಸ್ಪೇನ್ ಮೂಲದ ತಾತನನ್ನು ಕಾಗದದಲ್ಲಿ ಸೃಷ್ಟಿಸಿಕೊಂಡು ಆಟಗಾರರು ಒಳಬಂದರು. ಇನ್ನೊಂದು ಕಾಲದಲ್ಲಿ ತಮ್ಮ ದೇಶವನ್ನೇ ಕಾಗದದಿಂದ ಅಳಿಸಿಹಾಕಿ ಬಂದವರ ಮಗ ಸ್ಪೇನ್‌ಗೆ ಕಪ್ ಗೆದ್ದುಕೊಟ್ಟ.

ಈ ಕಥೆಯನ್ನು ದೂರದಿಂದ ನೋಡಿ ತೀರ್ಪು ಕೊಡುವ ಅಧಿಕಾರ ನಮಗೂ ಇಲ್ಲ. ಹಿಂದೆ ಬಾರ್ಸಿಲೋನಾದಲ್ಲಿ ಸಹಾಯಕ ತರಬೇತುದಾರರಾಗಿದ್ದ ಆಲ್ಬರ್ಟ್ ರೋಕಾ ಅವರ ಮಾರ್ಗದರ್ಶನದಲ್ಲಿ ಬೆಂಗಳೂರು ಎಫ್‌ಸಿ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಅವರ ನಂತರ ಬಂದ ಸ್ಪೇನ್‌ನವರೇ ಆದ ಕಾರ್ಲೆಸ್ ಕ್ವಾದ್ರಾತ್ 2019ರಲ್ಲಿ ಅದಕ್ಕೆ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ತಂದುಕೊಟ್ಟರು. ಅವರು ಪರಕೀಯರೆಂದು ನಮಗೆ ಅನಿಸಲಿಲ್ಲ. ಆದರೆ 2024ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಫುಟ್‌ಬಾಲ್ ಆಡಲು ಬಂದಿದ್ದ ಐವರಿ ಕೋಸ್ಟ್‌ನ ಆಟಗಾರರೊಬ್ಬರು, ಪ್ರೇಕ್ಷಕರು ತಮ್ಮನ್ನು ಮೈಬಣ್ಣ ಹಿಡಿದು ನಿಂದಿಸಿ ಅಟ್ಟಾಡಿಸಿ ಹೊಡೆದರೆಂದು ಪೊಲೀಸರಿಗೆ ದೂರು ಕೊಡಬೇಕಾಯಿತು. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ರೈಲು ಹತ್ತಿ ತೊರೆದದ್ದು ನಮ್ಮ ಬೆಂಗಳೂರನ್ನೇ. ಕಲಿಸಲು ಬಂದವನಿಗೆ ಮಣೆ, ದುಡಿಯಲು ಬಂದವನಿಗೆ ಮೂದಲಿಕೆ ಎಂಬ ಭೇದ ನಮ್ಮಲ್ಲೂ ಇದೆ.

ಎಷ್ಟು ಮಂದಿ ಬರಬೇಕು, ಯಾವ ನಿಯಮದ ಮೇಲೆ ಬರಬೇಕು ಎಂದು ನಿರ್ಧರಿಸುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ಸ್ಥಳೀಯರ ಹಿತ ಕಾಯುವುದು ಸರ್ಕಾರದ ಧರ್ಮವೂ ಹೌದು. ಆದರೆ ನಿಯಮ ಸರಳವಾಗಿರಬೇಕು, ಖೊಟ್ಟಿ ಕಾಗದಕ್ಕೆ ಎಡೆಗೊಡದಂತಿರಬೇಕು. ತೆರಿಗೆ ಎಲ್ಲರಿಗೂ ಒಂದೇ ಇರಬೇಕು. ಊರಿನ ಮಕ್ಕಳು ಬಂದವರಿಂದ ಕಲಿಯುವ ಶಾಲೆಗಳಿಗೆ ಹಣ ಹರಿಯಬೇಕು. ಇವೆಲ್ಲ ನೀತಿಯ ವಿಚಾರಗಳು, ಚರ್ಚೆಗೆ ಅವಕಾಶವಿದೆ. ಒಳಗೆ ಬಿಟ್ಟುಕೊಂಡವನ ಮಾನ ಮಾತ್ರ ಚರ್ಚೆಯ ವಿಚಾರವಾಗಬಾರದು.

ವಯೆಕಾಸ್‌ನ ಜನ ಇದನ್ನು ನ್ಯಾಯಾಲಯಕ್ಕಿಂತ ಮೊದಲೇ ಅರಿತಿದ್ದರು. ಅಗ್ಬೊನಾವ್‌ಬಾರೆ ತೀರಿಕೊಂಡ ಮೇಲೆ ತಮ್ಮ ಕ್ರೀಡಾಂಗಣದ ಒಂದು ದ್ವಾರಕ್ಕೆ ಅವರು ಆ ಗೋಲ್‌ಕೀಪರ್‌ನ ಹೆಸರಿಟ್ಟರು. ಹೊರಗಿನಿಂದ ಬಂದ ಒಬ್ಬ ಬಡ ಆಟಗಾರನ ಹೆಸರಿನ ಬಾಗಿಲಿನಿಂದಲೇ ಅಲ್ಲಿನ ಜನ ಆಟ ನೋಡಲು ಒಳಗೆ ಹೋಗುತ್ತಾರೆ.